ಗುರುವಾರದ ಓದು

ಗೋಡೆಯ ಆಚೆ ಯಾರೋ ಯಾರನ್ನೋ ಎತ್ತಿ ನೆಲಕ್ಕೆ ಒಗೆದ ಸಪ್ಪಳಕ್ಕೆ ಮೇಜಿನ ಮೇಲಿನ ಮಸಿಕುಡಿಕೆ ನಡುಗಿ ಸುಮ್ಮನಾಯಿತು. ವಿಠ್ಠಲ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ನಿಂತ. ಶಿಗ್ಗಾಂವಿಯ ಈ ವಾಚನಾಲಯಕ್ಕೂ ಪಕ್ಕದ ಕುಸ್ತಿಯ ತಾಲೀಮಿಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಅತ್ತ ಪೈಲವಾನರ ಮೈಗಳು ಕೆಮ್ಮಣ್ಣಿನ ಮೇಲೆ ಬೀಳುತ್ತಿದ್ದವು. ಇತ್ತ ಹಾಳೆಗಳು ಹೊರಳುತ್ತಿದ್ದವು. ಬಂದ ಹೊಸತರಲ್ಲಿ ಆ ಸಪ್ಪಳ ಅವನನ್ನು ಬೆಚ್ಚಿಬೀಳಿಸುತ್ತಿತ್ತು. ಈಗೀಗ ಬಿದ್ದ ಸಪ್ಪಳದಿಂದಲೇ ಕೆಡವಿದವನು ಯಾರೆಂದು ಹೇಳಬಲ್ಲವನಾಗಿದ್ದ. ಬೀರಪ್ಪ ಕೆಡವಿದ ಮೈ ಎರಡು ಸಲ ಸದ್ದು ಮಾಡುವುದಿಲ್ಲ. ಒಂದೇ ಸಲ, ಬಂಡಿಯಿಂದ ಹತ್ತಿಯ ಅಂಡಿಗೆ ಜಾರಿ ಬಿದ್ದ ಹಾಗೆ, ಆಮೇಲೆ ಮೌನ. ಆ ಮೌನದಲ್ಲಿ ಕೆಳಗೆ ಬಿದ್ದವನು ತನ್ನ ಉಸಿರನ್ನು ಹುಡುಕುತ್ತಿರುತ್ತಾನೆ. ಇಂದು ಬೆಳಗಿನಿಂದ ವಿಠ್ಠಲನೂ ಅದನ್ನೇ ಹುಡುಕುತ್ತಿದ್ದ. ಇಂದು ಗುರುವಾರ. ಮಧ್ಯಾಹ್ನ ಹೆಂಗಸರ ಹೊತ್ತಿನಲ್ಲಿ ಕಾದಂಬರಿ ಓದುವವನು ತಾನಲ್ಲ, ಬೀರಪ್ಪ.

“ಯಾಕ ನಿಂತ್ರಿ ಮಾಸ್ತರ? ಮುಂದ ಓದ್ರಿ,” ಎಂದ ಕರಬಸಪ್ಪ. ಹೊಲವನ್ನು ಮಕ್ಕಳಿಗೆ ಒಪ್ಪಿಸಿ ದಿನವೂ ಪತ್ರಿಕೆಯ ಹೊತ್ತಿಗೆ ಬಂದು ಕಂಬಕ್ಕೆ ಒರಗಿ ಕೂಡುವ ಮುದುಕ. ಅಕ್ಷರ ಬಾರದ ಹಿರಿಯರಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವುದು ವಾಚನಾಲಯದ ಬೆಳಗಿನ ಕೆಲಸ. ಚೀನಾದ ಕೂಡ ಕಾಳಗ ಹತ್ತಿದಾಗಿನಿಂದ ಕಟ್ಟೆಯ ಮೇಲೆ ಕೂಡಲು ಜಾಗ ಸಾಲುತ್ತಿರಲಿಲ್ಲ. “ಇವತ್ತ ಎಷ್ಟ ಮಂದಿ ಬಿದ್ರು?”

“ಯಾರ ಕಡ್ಯಾವ್ರು, ಅಜ್ಜಾ?”

“ಅವರ ಕಡ್ಯಾವ್ರು! ನಮ್ಮವರು ಸತ್ತದ್ದ ಕೇಳಾಕ ನಾ ಕೋಲ ಊರಿಕೊಂಡ ಇಲ್ಲೀತನ ಬರಬೇಕೇನು? ಕೆಟ್ಟ ಸುದ್ದಿ ಬೇಕಾದ್ರ ಮನ್ಯಾಗ ಸೊಸಿ ಮುಖ ನೋಡಿದ್ರ ಸಾಕು.”

ಮುದುಕರು ನಕ್ಕರು. ಪತ್ರಿಕೆಯಲ್ಲಿ ಇದ್ದದ್ದು ಬೇರೆ. ಹಿಮದಲ್ಲಿ ನಮ್ಮ ದಂಡು ಇನ್ನೊಂದು ಠಾಣ್ಯವನ್ನು ಬಿಟ್ಟು ಹಿಂದೆ ಸರಿದಿತ್ತು. ಅಷ್ಟನ್ನು ಹೇಳಿ ಸುದ್ದಿ ಮುಗಿದಿತ್ತು. ಆದರೆ ಕರಬಸಪ್ಪನ ಪೊರೆಗಟ್ಟಿದ ಕಣ್ಣುಗಳು ತನ್ನ ಬಾಯಿಯ ಮೇಲೆ ಊರಿದ್ದನ್ನು ಕಂಡು ವಿಠ್ಠಲನ ನಾಲಗೆ ತಾನಾಗಿ ಮುಂದುವರಿಯಿತು. ಹಿಂದೆ ಸರಿಯುವ ಮುನ್ನ ನಮ್ಮ ಜವಾನರು ಬಂಡೆಗಳನ್ನು ಉರುಳಿಸಿದರು, ಕಣಿವೆಯಲ್ಲಿ ವೈರಿಗಳ ಹೆಣಗಳು ಕೊಯ್ದು ಹಾಕಿದ ಜೋಳದ ದಂಟಿನಂತೆ ಒಂದರ ಮೇಲೊಂದು ಬಿದ್ದವು, ಹಿಮ ಕೆಂಪಾಯಿತು. ಅಚ್ಚಿನಲ್ಲಿ ಇಲ್ಲದ ಸಾಲುಗಳು ಅಚ್ಚಿನ ದನಿಯಲ್ಲಿಯೇ ಹೊರಬಂದವು. ಮುದುಕರು ತೃಪ್ತಿಯಿಂದ ಕೆಮ್ಮಿದರು. ಆ ತೃಪ್ತಿಯನ್ನು ಕಂಡಾಗ ವಿಠ್ಠಲನ ಕಿವಿಯ ಹಿಂದೆ ಹಳೆಯ ನೋವೊಂದು ಮಿಡಿಯಿತು. ಸವಣೂರಿನ ಮನೆಯ ಪಡಸಾಲೆಯಲ್ಲಿ ತಂದೆ ಪುರಾಣ ಓದಿಸುತ್ತಿದ್ದರು. ಒಂದು ಸಂಜೆ ಅವನು ಹಸಿವೆಯಿಂದ ಒಂದು ಸಾಲು ಹಾರಿಸಿ, ಅದು ತಿಳಿಯದಿರಲೆಂದು ತನ್ನದೊಂದು ಸಾಲು ಸೇರಿಸಿ ಓದಿದ. ತಂದೆ ಪೋಥಿಯನ್ನು ಭಕ್ತಿಯಿಂದ ಕೆಳಗಿಳಿಸಿ ಪಕ್ಕಕ್ಕಿಟ್ಟರು. ಅದನ್ನು ಹೊತ್ತಿದ್ದ ಕಟ್ಟಿಗೆಯ ವ್ಯಾಸಪೀಠವನ್ನು ಎತ್ತಿ ಅವನ ಕಿವಿಯ ಹಿಂದೆ ಹೊಡೆದರು. ರಕ್ತ ಕುತ್ತಿಗೆಗೆ ಇಳಿಯುತ್ತಿರುವಾಗಲೇ ಪೋಥಿ ಮತ್ತೆ ಪೀಠಕ್ಕೇರಿತು. ಬಿಟ್ಟ ಸಾಲಿನಿಂದ ಓದು ಮುಂದುವರಿಯಿತು.

ಆಮೇಲೆ ಅವನು ಆ ಮನೆಯಲ್ಲಿ ಬಹಳ ದಿನ ನಿಲ್ಲಲಿಲ್ಲ. ಮಿರಜ, ಸೊಲ್ಲಾಪುರ, ಹುಬ್ಬಳ್ಳಿ. ಗಿರಣಿಯ ಚಾಳಿನಲ್ಲಿ, ಸ್ಟೇಶನ್ನಿನ ಬಾಕಿನ ಮೇಲೆ, ಖಾನಾವಳಿಯ ಒಲೆಯ ಬೆಳಕಿನಲ್ಲಿ ಕೈಗೆ ಸಿಕ್ಕ ಅಗ್ಗದ ಕಾದಂಬರಿಗಳನ್ನೆಲ್ಲ ನುಂಗಿದ. ಕೊಲೆಯಿಂದ ಆರಂಭವಾಗಿ ಮದುವೆಯಲ್ಲಿ ಮುಗಿಯುವ ಪುಸ್ತಕಗಳು. ಮುಖಪುಟವಿಲ್ಲದ, ನಡುವಿನ ಹಾಳೆಗಳಿಲ್ಲದ ಪುಸ್ತಕಗಳು. ಇಲ್ಲದ ಹಾಳೆಗಳನ್ನು ತಾನೇ ತುಂಬಿಕೊಳ್ಳುವುದು ಅವನಿಗೆ ಉಸಿರಾಟದಷ್ಟು ಸಹಜವಾಯಿತು. ಕಡೆಗೆ ಒಂದು ನಾಟಕದ ಕಂಪನಿಯಲ್ಲಿ, ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವ ಕೆಲಸ ಹಿಡಿದ. ಕಂಪನಿ ಶಿಗ್ಗಾಂವಿಯಲ್ಲಿ ಒಡೆದುಹೋದಾಗ ಒಂದು ಬಣ್ಣದ ಪರದೆ ಇಲ್ಲಿಯೇ ಉಳಿಯಿತು, ಅವನೂ ಉಳಿದ. ಪರದೆಗೂ ಅವನಿಗೂ ವಾಚನಾಲಯದಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಮುದುಕರಿಗೆ ಪತ್ರಿಕೆ, ಗುರುವಾರ ಮಧ್ಯಾಹ್ನ ಹೆಂಗಸರಿಗೆ ಕಾದಂಬರಿ, ರವಿವಾರ ಮಕ್ಕಳಿಗೆ ಕಥೆ, ಸಂಜೆ ದುಡಿದು ಬಂದ ಗಂಡಸರಿಗೆ ಅಕ್ಷರ. ಊರಿನ ಎಲ್ಲ ವಯಸ್ಸಿನವರೂ ಅವನ ಬಾಯಿಯನ್ನು ನೋಡುತ್ತಿದ್ದರು. ಕಳೆದ ರವಿವಾರ, ರಾಕ್ಷಸನ ತಲೆ ಹಾರಿದ ಮೇಲೂ ಮುಂಡ ಕೈ ಬೀಸುತ್ತ ತನ್ನ ತಲೆಯನ್ನು ಹುಡುಕಿತೆಂದು ಹೇಳುತ್ತಿರುವಾಗ ಗೌಹರ ಎಂಬ ಹುಡುಗಿ ಎದ್ದು ನಿಂತು, “ಅದು ಪುಸ್ತಕದಾಗ ಐತೇನ್ರಿ, ಸರ?” ಎಂದು ಕೇಳಿದಳು. ಕೈ ಎತ್ತಿದ್ದು ಅವನಿಗೆ ನೆನಪಿಲ್ಲ. ಹುಡುಗಿಯ ಕೆನ್ನೆಯ ಮೇಲೆ ತನ್ನ ಬೆರಳುಗಳು ಬರೆಯಂತೆ ಮೂಡಿದ್ದು ಮಾತ್ರ ನೆನಪಿದೆ. ಆಕೆ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಕೂತು, “ಮುಂದ ಹೇಳ್ರಿ” ಎಂದಳು.

ಪತ್ರಿಕೆ ಮುಗಿಯಿತು. ಕರಬಸಪ್ಪ ಏಳುತ್ತ, ಗೋಡೆಯ ಕಡೆಗೆ ಗದ್ದ ತೋರಿಸಿ ಹಲ್ಲಿಲ್ಲದ ಬಾಯಿಯನ್ನು ಅಗಲಿಸಿದ. “ಇವತ್ತ ಮಧ್ಯಾಹ್ನ ನಮ್ಮ ಪೈಲವಾನ ಓದ್ತಾನಂತಲ್ರಿ. ಹುಲಿಗೆ ಹುಲ್ಲ ತಿನ್ನೂದ ಕಲಿಸಿಬಿಟ್ರಿ ಮಾಸ್ತರ.” ವಿಠ್ಠಲ ನಗಲು ನೋಡಿದ. ಪತ್ರಿಕೆಗಳನ್ನು ಪೋಣಿಸಿಡುವ ಕಬ್ಬಿಣದ ಸರಳು ಅವನ ಕೈಯಲ್ಲಿತ್ತು. ಅದರ ತುದಿಯನ್ನು ಬೀರಪ್ಪನ ಕುತ್ತಿಗೆಯ ಯಾವ ಜಾಗದಲ್ಲಿ ಇಳಿಸಬೇಕೆಂದು ತಾನು ಹಲವು ದಿನಗಳಿಂದ ಯೋಚಿಸುತ್ತಿರುವುದು ಈ ಮುದುಕನಿಗೆ ಕಾಣುತ್ತಿದೆಯೇ ಎಂದು ಹೆದರಿ ಸರಳನ್ನು ಕೆಳಗಿಟ್ಟ. ಅಗ್ಗದ ಕಾದಂಬರಿಗಳಲ್ಲಿ ಸರಳು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಬೀರಪ್ಪನ ಕುತ್ತಿಗೆಯಾದರೋ ಎತ್ತಿನ ಹೆಗಲ ಮೇಲಿನ ಹಿಣಿಲಿನ ಹಾಗಿತ್ತು. ಅದಕ್ಕೆ ಇಳಿಯುವ ಮೊದಲು ಸರಳು ತನ್ನ ಅಂಗೈಯನ್ನೇ ಸೀಳುವುದೆಂದು ಅವನಿಗೆ ಗೊತ್ತಿತ್ತು. ಆದರೂ ಕೊಲ್ಲುವ ದೃಶ್ಯ ದಿನಕ್ಕೊಂದು ಬಗೆಯಲ್ಲಿ ತಯಾರಾಗುತ್ತಲೇ ಇತ್ತು. ಅದರಲ್ಲಿ ಅವನಿಗೆ ಒಂದು ಬಗೆಯ ಸುಖವೂ ಇತ್ತು.

ಇಷ್ಟಕ್ಕೆಲ್ಲ ಕಾರಣವಾದ ಪುಸ್ತಕ ಕಪಾಟಿನಲ್ಲಿತ್ತು. ಹುಬ್ಬಳ್ಳಿಯ ರದ್ದಿಯ ರಾಶಿಯಿಂದ ವಾಚನಾಲಯಕ್ಕೆ ಬಂದ ಹೆಸರಿಲ್ಲದ ಕಾದಂಬರಿ. ಮಾಲಿನಿಯೆಂಬ ಹೆಣ್ಣು, ಆಕೆಯನ್ನು ಬಡಿಯುವ ಗಂಡ. ಗುರುವಾರಗಳಂದು ಕೋಣೆಯ ನಡುವೆ ಕಂಪನಿಯ ಪರದೆ ಕಟ್ಟಿ, ಅತ್ತ ಹೆಂಗಸರನ್ನು ಕೂಡಿಸಿ, ಇತ್ತ ಇವನು ಕೂತು ಓದುವುದು ಕಟ್ಟಳೆ. ಪರದೆಯ ಬಣ್ಣದ ಮುಖ ಅವರ ಕಡೆಗೆ: ಅರಮನೆ, ಕಾರಂಜಿ, ನವಿಲು. ಅವನ ಕಡೆಗೆ ಅದರ ಬೆನ್ನು, ಒಸರಿ ಬಂದ ಕಲೆಗಳು. ಅಂಚಿನ ಕೆಳಗೆ ಪಾದಗಳು ಕಾಣುತ್ತಿದ್ದವು. ಆ ಪಾದಗಳ ನಡುವೆ, ಗೋಡೆಯ ಬದಿಗೆ, ಕೆಮ್ಮಣ್ಣು ಮೆತ್ತಿದ ಎರಡು ಪಾದಗಳು. ಅವು ತಾಲೀಮಿನ ಮಣ್ಣು ಜರಡಿ ಹಿಡಿದು, ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡುವ ಬೀರಪ್ಪನ ಹೆಂಡತಿ ಶೇಖವ್ವನವು. ಅವಳ ಮುಖವನ್ನು ಅವನು ಎಂದೂ ನೋಡಿರಲಿಲ್ಲ. ದನಿಯನ್ನು ಮಾತ್ರ ಬಲ್ಲ. ಓದು ನಿಂತಾಗ ಉಳಿದವರು ಸೆರಗು ಸರಿಪಡಿಸಿ ಏಳುತ್ತಿರುವಾಗ ಆ ದನಿ ಕೇಳುತ್ತಿತ್ತು: “ಮುಂದ ಏನಾತ್ರಿ?” ಅದು ಕಥೆಯ ಮೇಲಿನ ಆಸೆಯಲ್ಲ. ಕಟ್ಟಿಹಾಕಿದ ದನ ನೀರಿನ ಸಪ್ಪಳಕ್ಕೆ ಕಿವಿ ನಿಗುರಿಸಿದಂತಿತ್ತು.

ಮಳೆಗಾಲದ ಒಂದು ಗುರುವಾರ ಪುಸ್ತಕ ಮುಗಿಯಿತು, ಅಥವಾ ಮುಗಿಯದೆ ನಿಂತಿತು. “ಮಾಲಿನಿಯು ಅಗಳಿಯ ಮೇಲೆ ಕೈಯನ್ನಿಟ್ಟು, ಮಲಗಿದ್ದ ಗಂಡನನ್ನು ಒಮ್ಮೆ ತಿರುಗಿ” ಎಂಬಲ್ಲಿಗೆ ಹಾಳೆ ತೀರಿತು. ಮುಂದೆ ಹೊಲಿಗೆಯ ದಾರ, ಒಣಗಿದ ಗೋಂದು. ಕಡೆಯ ಹಾಳೆಗಳು ಈ ಊರಿಗೆ ಬರುವ ಮೊದಲೇ ಕಿತ್ತುಹೋಗಿದ್ದವು.  ಇಂಥ ಪುಸ್ತಕಗಳು ಹೇಗೆ ಮುಗಿಯುತ್ತವೆಂದು ಅವನಿಗೆ ಗೊತ್ತಿತ್ತು: ಮಾಲಿನಿ ಗಂಡನ ಕಾಲಿಗೆ ಬೀಳುತ್ತಾಳೆ, ಗಂಡನ ಕಣ್ಣಲ್ಲಿ ನೀರು ಬರುತ್ತದೆ. ಅದನ್ನೇ ಹೇಳಲು ಬಾಯಿ ತೆರೆದ. ಆಗ ಕೆಮ್ಮಣ್ಣಿನ ಪಾದಗಳ ಬೆರಳುಗಳು ನೆಲವನ್ನು ಒತ್ತಿ ಹಿಡಿದದ್ದು ಕಂಡಿತು. ಅವನ ಬಾಯಿಂದ ಬೇರೆಯೇ ಹೊರಬಂತು. ಮಾಲಿನಿ ಅಗಳಿ ತೆಗೆದಳು. ಗಂಟು ಕಟ್ಟಲಿಲ್ಲ. ಉಟ್ಟ ಸೀರೆಯಲ್ಲಿಯೇ ನಡೆದು ಸ್ಟೇಶನ್ನಿಗೆ ಬಂದಳು. ರೈಲು ಬಂತು. ಹೆಂಗಸರ ಡಬ್ಬಿಯಲ್ಲಿ ಊರಿಗೆ ಬೆನ್ನು ಮಾಡಿ ಕುಳಿತಳು. ಅಳಲಿಲ್ಲ. ಅದಿಷ್ಟೇ. ಆದರೆ ಅವನ ಜೀವಮಾನದಲ್ಲಿ ಇನ್ನೊಬ್ಬರ ಪುಸ್ತಕದಿಂದ ಕದಿಯದ ಸಾಲುಗಳೆಂದರೆ ಅವಷ್ಟೇ ಇದ್ದವು. ಅಂದು ಯಾರೂ ‘ಮುಂದ ಏನಾತ್ರಿ’ ಎಂದು ಕೇಳಲಿಲ್ಲ. ಅವನು ಹೆಮ್ಮೆಯಿಂದ ಪುಸ್ತಕ ಮುಚ್ಚಿದ.

ಅದೇ ವಾರ ಶೇಖವ್ವ ಉಟ್ಟ ಸೀರೆಯಲ್ಲಿ ಹೋದಳು. ಬೀರಪ್ಪ ಅವಳನ್ನು ಯಲವಿಗಿ ಸ್ಟೇಶನ್ನಿನ ಬಾಕಿನ ಮೇಲೆ ಹಿಡಿದು, ತವರಾದ ಹತ್ತಿಮತ್ತೂರಿನ ಕಡೆಗೂ ಮುಖ ಮಾಡಗೊಡದೆ ಎಳೆದು ತಂದ. ಗಂಡಹೆಂಡಿರು ಇದ್ದದ್ದು ತಾಲೀಮಿನ ಹಿಂದಿನ ಕೋಣೆಯಲ್ಲಿ, ಗೋಡೆ ಅದೇ. ವಿಠ್ಠಲ ಪುಸ್ತಕಗಳಿಗೆ ಕಾಗದ ಅಂಟಿಸುತ್ತ ಕೂತಿದ್ದ. ಮೊದಲು ಅಂಡಿಗೆ ಬಿದ್ದಂಥ ಸಪ್ಪಳ, ಆಮೇಲೆ ಮೌನ. ಮತ್ತೆ ಸಪ್ಪಳ. ಆಮೇಲೆ ಹಸಿ ಕಟ್ಟಿಗೆ ಮುರಿದಂಥದು. ಅನಂತರ ಅವಳ ಕೂಗು: “ಪುಸ್ತಕದಾಗ ಐತಿ! ಹಂಗ ಹೋಗೂದು ಪುಸ್ತಕದಾಗ ಬರದಾರ! ಮಾಸ್ತರದಲ್ಲ, ಪುಸ್ತಕದ್ದು!” ಬೀರಪ್ಪನ ದನಿ ಗಡುಸಾಗಿರಲಿಲ್ಲ; ದಣಿದಿತ್ತು. “ಇದ ನೋಡು, ಕೈಯಾಗ ಗರಡಿ ಮಣ್ಣ ಹಿಡದು ಆಣಿ ಮಾಡ್ತೇನಿ. ಪುಸ್ತಕದಾಗ ಅದು ಇದ್ರ ನಿನ್ನ ಮತ್ತ ಮುಟ್ಟೂದಿಲ್ಲ, ಎಲ್ಲಿಗರ ಹೋಗು. ಇರದಿದ್ರ ಕೆರ್ಯಾಗ ಹಾಕ್ತೇನಿ. ನಾನಽ ಓದಿ ನೋಡ್ತೇನಿ. ಯಾರ ಬಾಯೀನೂ ನಂಬೂದಿಲ್ಲ.” ಆಗ ವಿಠ್ಠಲನ ಕೈಗೆಟಕುವಲ್ಲಿ ಕಬ್ಬಿಣದ ಸರಳು ಇತ್ತು. ಬಾಗಿಲು ಹತ್ತು ಮಾರು ದೂರ. ಅವನು ಏಳಲಿಲ್ಲ. ತಾನು ಆ ಸಪ್ಪಳಗಳನ್ನು, ಅವುಗಳ ನಡುವಿನ ಬಿಡುವನ್ನು, ಮುಂದೇನೆಂಬ ಕುತೂಹಲದಿಂದ ಕೇಳುತ್ತಿದ್ದೆನೆಂಬುದು ಅರಿವಾದದ್ದು ಬೆರಳಿಗೆ ಅಂಟು ಒಣಗಿ ಚರ್ಮ ಬಿಗಿದಾಗ.

ಮರುದಿನ ಸಂಜೆ ಬೀರಪ್ಪ ವಯಸ್ಕರ ತರಗತಿಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿದ. ಹೆಸರು ಬರೆಯುವುದನ್ನು ಕಲಿಸಹೋದರೆ, “ಹೆಸರ ಬ್ಯಾಡರಿ. ಹೆಬ್ಬಟ್ಟ ಐತಿ. ರೈಲು ಅಂತ ಹೆಂಗ ಬರೀತಾರ ತೋರಸ್ರಿ,” ಎಂದ. ಸುಣ್ಣದಕಡ್ಡಿ ಅವನ ಬೆರಳುಗಳಲ್ಲಿ ಪುಡಿಯಾಗುತ್ತಿತ್ತು. ಪುಡಿಯಾದುದನ್ನು ಒರೆಸಿ ಮತ್ತೊಂದು ತೆಗೆದುಕೊಳ್ಳುತ್ತಿದ್ದ. ಅಂಥ ಶ್ರದ್ಧೆಯ ವಿದ್ಯಾರ್ಥಿಯನ್ನು ವಿಠ್ಠಲ ಕಂಡಿರಲಿಲ್ಲ. ಅವನು ಒಂದೊಂದು ಅಕ್ಷರ ಕಲಿತಾಗಲೂ ಗೋಡೆಯ ಆಚೆಯ ಹೆಣ್ಣಿಗೆ ಕೆರೆ ಅಷ್ಟಷ್ಟು ಹತ್ತಿರವಾಗುತ್ತಿತ್ತು. ಕಲಿಸುತ್ತಿದ್ದವನು ತಾನು. ಒತ್ತಕ್ಷರಗಳನ್ನು ಬೇಕೆಂತಲೇ ವಾರಗಟ್ಟಲೆ ಮುಂದೂಡಿದ. ಬೀರಪ್ಪ ಅವುಗಳನ್ನು ಅಂಗಡಿಯ ಹಲಗೆಗಳಿಂದ, ಬಸ್ಸಿನ ಹಣೆಯಿಂದ, ಹರಕು ಪತ್ರಿಕೆಯಿಂದ ಕಿತ್ತುಕೊಂಡು ಬಂದು, “ಇದನ್ನ ನೀವು ಹೇಳಿಕೊಡಲಿಲ್ಲಲ್ರಿ,” ಎಂದು ಸೌಜನ್ಯದಿಂದ ಕೇಳಿದ. ಪುಸ್ತಕವನ್ನು ವಿಠ್ಠಲ ಹಳೆಯ ವರದಿಗಳ ಹಿಂದೆ ಬಚ್ಚಿಟ್ಟ. ಸುಡಬೇಕೆಂದು ಒಲೆಯ ತನಕ ಒಯ್ದು ಹಿಂದೆ ತಂದ. ಸುಡಲಿಲ್ಲವೇಕೆ ಎಂದು ತನ್ನನ್ನು ಕೇಳಿಕೊಂಡಾಗ ಸಿಕ್ಕ ಉತ್ತರಕ್ಕೆ ಅವನೇ ಹೇಸಿದ: ಆ ಬರಿದಾದ ಜಾಗವನ್ನು ಒಬ್ಬರಾದರೂ ನೋಡಬೇಕು, ಅಲ್ಲಿ ಇದ್ದದ್ದು ಯಾರದು ಎಂದು ಒಬ್ಬರಾದರೂ ಕೇಳಬೇಕು.

ಪುಸ್ತಕವನ್ನು ಹೊರತೆಗೆದವರು ಇಂದಿರಾಬಾಯಿ. ವಕೀಲರೊಬ್ಬರ ವಿಧವೆ. ಹೆಂಗಸರ ಹೊತ್ತು, ಮಕ್ಕಳ ಹೊತ್ತು ಎಲ್ಲವೂ ಅವರ ಹಟದಿಂದ ಆರಂಭವಾದವು. ಕಪಾಟಿನಲ್ಲಿ ಕೈಯಾಡಿಸಿ, ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಅದನ್ನು ಹಿಡಿದು, “ಇದಽ ಅಲ್ಲೇನು ವಿಠ್ಠಲ, ಬೀರಪ್ಪ ಕೇಳ್ಲಿಕ್ಕೆ ಹತ್ತಿದ್ದು? ಗುರುವಾರ ಅವನಽ ಕಡೀ ಪ್ರಕರಣ ಓದ್ಲಿ. ಗರಡಿ ಮನಷ್ಯಾ ಓದೂದು ಕೇಳಿದ್ರ ಈ ಹೆಣ್ಣಮಕ್ಕಳಿಗೂ ಹುರುಪು ಬರ್ತದ. ಆ ಶೇಖವ್ವಗೂ ಛಲೋ. ಓದು ಮನಷ್ಯಾನ್ನ ಮೆತ್ತಗ ಮಾಡ್ತದ,” ಎಂದರು. ವಿಠ್ಠಲ, “ಹೌದ್ರಿ, ಬಾಯಾರ,” ಎಂದ. ಅಂದಿನಿಂದ ಅವನ ನಾಲಗೆಗೆ ಅದೊಂದೇ ಉತ್ತರ ಉಳಿದಿತ್ತು.

ಮಧ್ಯಾಹ್ನ ಅವನು ಪರದೆಯ ಹಗ್ಗ ಬಿಗಿದ. ಅತ್ತ ಹೆಂಗಸರು ಬಂದು ಕೂಡುತ್ತಿದ್ದರು. ಬಳೆಗಳ ಸದ್ದು, ಕೂಸಿನ ಅಳು. “ಸರೀರವ್ವಾ, ಪೈಲವಾನ ಓದೂದ ಕೇಳಾಕ ಬಂದೇವಿ. ಒದರಿದ್ರ ಪರದೆ ಹರದೀತು,” ಎಂದು ಒಬ್ಬಳು ಪಿಸುಗುಟ್ಟಿದಳು. ಇನ್ನೊಬ್ಬಳು ನಗುವನ್ನು ಸೆರಗಿನಲ್ಲಿ ಹಿಡಿದಳು. ಆಮೇಲೆ ಎಲ್ಲರೂ ಒಮ್ಮೆಗೇ ಸುಮ್ಮನಾದರು. ಕೆಮ್ಮಣ್ಣಿನ ಪಾದಗಳು ಬಂದು ಗೋಡೆಯ ಬದಿಯ ತಮ್ಮ ಜಾಗದಲ್ಲಿ ನಿಂತವು. ಇಂದು ಅವು ತೊಳೆದು ಬಂದಿದ್ದವು. ಯಾರೋ ತೊಳೆಯಿಸಿ ತಂದ ಹಾಗೆ, ಕಣಕಾಲಿನ ಮೇಲಿನವರೆಗೂ ಒದ್ದೆಯಾಗಿದ್ದವು. ಬೀರಪ್ಪ ಬಂದ. ಬಿಳಿಯ ಅಂಗಿ ತೊಟ್ಟಿದ್ದ. ತೋಳುಗಳು ಅದರೊಳಗೆ ಹಿಡಿಸದೆ ಹೊಲಿಗೆ ಬಿರಿದಿತ್ತು. ವಿಠ್ಠಲನ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯ ಮುಷ್ಟಿಯನ್ನು ತೊಡೆಯ ಮೇಲಿಟ್ಟ. ಮುಷ್ಟಿಯ ಸಂದಿನಿಂದ ಕೆಂಪು ಮಣ್ಣು ಉದುರುತ್ತಿತ್ತು. ಆಣೆಯ ಮಣ್ಣು ಅದೆಂದು ವಿಠ್ಠಲನಿಗೆ ತಿಳಿಯಿತು.

“ಶುರು ಮಾಡ್ಲ್ಯಾ, ಬಾಯಾರ?” ಎಂದು ಬೀರಪ್ಪ ಪರದೆಗೆ ಕೇಳಿದ.

“ಮಾಡಪ್ಪಾ. ಅವಸರ ಬ್ಯಾಡ.”

ಅವನು ಓದಿದ. ಕುಸ್ತಿಯಾಡುವಂತೆ ಓದಿದ. ಒಂದೊಂದು ಶಬ್ದದ ಸುತ್ತ ತೋರುಬೆರಳನ್ನು ಸುತ್ತಿಸಿ, ಹಿಡಿತ ಸಿಕ್ಕ ಕೂಡಲೇ ಎತ್ತಿ ನೆಲಕ್ಕೆ ಒಗೆಯುತ್ತಿದ್ದ. ಮಾ. ಲಿ. ನಿ. ಮಾಲಿನಿ! ಮೊದಮೊದಲು ಹೆಂಗಸರು ನಕ್ಕರು. ಮಾಲಿನಿಯ ಗಂಡ ಕಟ್ಟಿಗೆಯ ಕೊಡತಿಯಿಂದ ಹೊಡೆಯುವಲ್ಲಿಗೆ ಬಂದಾಗ ನಗು ನಿಂತಿತು. ವಿಠ್ಠಲ ಮಳೆಗಾಲದಲ್ಲಿ ಇದೇ ಸಾಲುಗಳನ್ನು ನಯವಾಗಿ, ನಿಟ್ಟುಸಿರುಗಳನ್ನು ಸೇರಿಸಿ ಓದಿದ್ದ. ಈಗ ಪ್ರತಿಯೊಂದು ಏಟೂ ತುಂಡುತುಂಡಾಗಿ, ಹೊಡೆಯುವುದು ಏನೆಂದು ಬಲ್ಲವನ ಬಾಯಿಂದ ಬರುತ್ತಿತ್ತು. ಹೊ. ಡೆ. ದ. ನು. ಬೀರಪ್ಪನ ಹಣೆಯಿಂದ ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿತು. ಒಮ್ಮೆ ಅವನು ನಿಂತು, ಓದಿದ್ದನ್ನು ಮನಸ್ಸಿನಲ್ಲಿಯೇ ಮತ್ತೊಮ್ಮೆ ಓದಿ, ಪರದೆಯ ಕೆಳಗಿನ ಪಾದಗಳನ್ನು ನೋಡಿದ. ಆ ನೋಟದಲ್ಲಿ ಏನಿತ್ತೆಂದು ವಿಠ್ಠಲನಿಗೆ ತಿಳಿಯಲಿಲ್ಲ. ನಾಚಿಕೆಯಿದ್ದರೆ ತನಗೆ ಇನ್ನೂ ಹೆಚ್ಚು ಭಯವಾಗುವುದೆಂದು ಮಾತ್ರ ತಿಳಿಯಿತು. ಬೀರಪ್ಪ ಬೆರಳಿಗೆ ಉಗುಳು ಹಚ್ಚಿ ಹಾಳೆ ಹೊರಳಿಸಿದ. ಅದು ಒಣ ಎಲೆಯಂತೆ ಗಟ್ಟಿಯಾಗಿ ಸದ್ದು ಮಾಡಿತು. ಪರದೆಯ ಆಚೆ ಯಾರೋ ಉಸಿರೆಳೆದುಕೊಂಡರು.

“ಅಗ. ಳಿಯ. ಮೇಲೆ. ಕೈ. ಯ. ನ್ನಿಟ್ಟು.” ಅವನ ಬೆರಳು ಸಾಲಿನ ತುದಿಗೆ ಬಂತು. “ಮಲ. ಗಿ. ದ್ದ. ಗಂಡ. ನನ್ನು. ಒ. ಮ್ಮೆ. ತಿರು. ಗಿ.” ಹಾಳೆ ಹೊರಳಿಸಿದ. ರಟ್ಟು. ರಟ್ಟನ್ನು ಹೊರಳಿಸಿದ. ಪುಸ್ತಕವನ್ನು ತಲೆಕೆಳಗು ಮಾಡಿ ಜಾಡಿಸಿದ. ದಾರವೊಂದು ಇಳಿಬಿದ್ದು ಅಲ್ಲಾಡಿತು.

“ಮುಂದಿಂದು ಎಲ್ಲೈತ್ರಿ, ಮಾಸ್ತರ?”

ಪರದೆಯ ಆಚೆಯಿಂದ ಇಂದಿರಾಬಾಯಿ, “ಯಾಕ, ಮುಗೀತೇನು? ಮಾಲಿನಿ ರೈಲು ಹತ್ತಿ ಹೋಗ್ತಾಳಲ್ಲ. ಅವತ್ತ ವಿಠ್ಠಲ ಓದಿದ್ದು ನಾವೆಲ್ಲಾ ಕೇಳೇವಲ್ಲ,” ಎಂದರು. ಹೌದು, ಹೌದ್ರಿ, ಕೇಳೇವಿ ಎಂದು ಹಲವು ದನಿಗಳು ಎದ್ದವು.

“ಓದಿದ್ದು ಕೇಳೀರಿ, ಬಾಯಾರ,” ಎಂದ ಬೀರಪ್ಪ ಮೆಲ್ಲಗೆ. “ಇದ್ದದ್ದು ನೋಡೀರೇನು?”

“ಇಂಥಾ ಪುಸ್ತಕ ನಾ ಬಿಚ್ಚಿ ನೋಡ್ಲಿಕ್ಕೆ ಹೋಗೂದಿಲ್ಲಪಾ,” ಎಂದು ಅವರು ಹೇಳುವಾಗಲೇ ದನಿ ಕುಗ್ಗಿತು. ಏನೋ ತಪ್ಪಿದೆ ಎಂದು ಅವರಿಗೆ ತಿಳಿದದ್ದು ಆಗಲೇ. ಬೀರಪ್ಪ ವಿಠ್ಠಲನ ಕಡೆಗೆ ತಿರುಗಿದ. ಮುಷ್ಟಿಯಿಂದ ಮಣ್ಣು ಉದುರುವುದು ನಿಂತಿತ್ತು. ಅಷ್ಟು ಬಿಗಿಯಾಗಿ ಹಿಡಿದಿದ್ದ. “ಮಾಸ್ತರ, ನನಗ ಅಕ್ಷರ ಕೊಟ್ಟೀರಿ. ನಿಮ್ಮನ್ನಽ ಕೇಳ್ತೇನಿ. ರೈಲು ಹತ್ತೂದು ಇದರಾಗ ಇತ್ತೋ, ಇದ್ದಿಲ್ಲೋ?”

ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆ ಕಡೆಗೂ ಬಂದಿತ್ತು. ಅದರ ಉತ್ತರ ವಿಠ್ಠಲನ ಬಾಯಿಯಲ್ಲಿ ಬಿಸಿ ಅನ್ನದ ತುತ್ತಿನಂತೆ ತುಂಬಿ ನಿಂತಿತು. ಇರಲಿಲ್ಲ. ಅದು ನನ್ನದು. ಅಗಳಿ ತೆಗೆದವನು ನಾನು, ಗಂಟು ಕಟ್ಟಬೇಡವೆಂದವನು ನಾನು, ಊರಿಗೆ ಬೆನ್ನು ಮಾಡ ಹೇಳಿದವನು ನಾನು. ಪರದೆಯ ಆಚೆ ಎಲ್ಲ ಹೆಂಗಸರೂ ಅದನ್ನು ಕೇಳುವರು, ಶೇಖವ್ವ ಕೇಳುವಳು, ತನ್ನನ್ನು ಹೊರಡಿಸಿದ ಸಾಲುಗಳನ್ನು ಕಟ್ಟಿದವನು ಯಾರೆಂದು ತಿಳಿದು ಸಾಯುವಳು. ತಿಳಿದು ಸಾಯುವಳು ಎಂಬುದು ತನ್ನ ಮನಸ್ಸಿನಲ್ಲಿ ಎಷ್ಟು ಸಲೀಸಾಗಿ ಬಂತೆಂಬುದನ್ನು ಕಂಡು ಅವನ ಕಿವಿಯ ಹಿಂದೆ ಕಟ್ಟಿಗೆಯ ಪೀಠ ಮತ್ತೊಮ್ಮೆ ಬಡಿಯಿತು. ಒದ್ದೆಯಾದ ಪಾದಗಳು ಪರದೆಯ ಕೆಳಗೆ ಅಲುಗದೆ ನಿಂತಿದ್ದವು. ಬೆರಳುಗಳು ನೆಲವನ್ನು ಹಿಡಿದಿರಲಿಲ್ಲ. ಅವು ಯಾವುದನ್ನೂ ಹಿಡಿದಿರಲಿಲ್ಲ.

“ಇತ್ತು,” ಎಂದ ವಿಠ್ಠಲ. “ಅಚ್ಚಿನಾಗ ಇತ್ತು. ನಾ ಹರದು ಒಗದೆ.”

“ಯಾಕ್ರಿ?”

“ನೀವು ಓದಬಾರದಂತ.”

ಬೀರಪ್ಪ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು ಕೆಳಗಿಟ್ಟ. ವಿಠ್ಠಲನ ತಂದೆ ಪೋಥಿಯನ್ನು ಇಳಿಸುತ್ತಿದ್ದ ರೀತಿಯಲ್ಲಿಯೇ ಇಟ್ಟ. “ಯಾವ ಕೈಲೆ ಹರದ್ರಿ?” ಎಂದು ಕೇಳಿದ. ವಿಠ್ಠಲ ಬಲಗೈಯನ್ನು ಚಾಚಿದ.  ಬೀರಪ್ಪನ ಅಂಗೈ ಒರಟಾಗಿ, ಬೆಚ್ಚಗೆ ಅವನ ಮಣಿಕಟ್ಟನ್ನು ಸುತ್ತಿಕೊಂಡಿತು. ಹಿಡಿತದಲ್ಲಿ ಸಿಟ್ಟಿರಲಿಲ್ಲ, ಕಸುಬಿತ್ತು. ಹಸಿ ಕಟ್ಟಿಗೆಯ ಸಪ್ಪಳ ಈ ಸಲ ಗೋಡೆಯ ಈ ಬದಿಯಲ್ಲಿ, ತನ್ನೊಳಗಿನಿಂದಲೇ ಬಂತು. ನೋವು ತಡವಾಗಿ ಬಂತು. ಅದಕ್ಕೆ ಮೊದಲು ಬಂದದ್ದು ಹಿಡಿತವಿಲ್ಲದೆ ನೇತಾಡುವ ಬೆರಳುಗಳ ನೋಟ. ಆಮೇಲೆ ನೆಲ ಎದ್ದು ಬಂದು ಕೆನ್ನೆಗೆ ಹೊಡೆಯಿತು. ಪಕ್ಕೆಗೆ ಒಂದು ಒದೆ ಬಿತ್ತು, ಇನ್ನೊಂದು. ಬಾಯಲ್ಲಿ ಹಲ್ಲಿನ ಚೂರು ಮತ್ತು ಉಪ್ಪು. ಪರದೆಯ ಆಚೆ ಹೆಂಗಸರು ಚೀರುತ್ತಿದ್ದರು, ಇಂದಿರಾಬಾಯಿಯ ದನಿ ಎಲ್ಲಕ್ಕೂ ಮೇಲೆ, “ಬಿಡೋ! ಬಿಡೋ ಅವನ್ನ!” ಎನ್ನುತ್ತಿತ್ತು. ಪರದೆಯನ್ನು ಸರಿಸಿ ಬರಲು ಮಾತ್ರ ಯಾರಿಗೂ ಹೊಳೆಯಲಿಲ್ಲ. ಎದುರಿಗಿದ್ದ ಅರಮನೆ ಮತ್ತು ಕಾರಂಜಿಯನ್ನು ದಾಟಲು ಅವರಿಗೆ ಅಭ್ಯಾಸವಿರಲಿಲ್ಲ.

ಬೀರಪ್ಪ ನಿಂತ. ಎಡಗೈಯ ಮುಷ್ಟಿ ಬಿಚ್ಚಿ ಮಣ್ಣನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಹೊಸಿಲಿನ ಹೊರಗೆ ಚೆಲ್ಲಿದ. “ಪುಸ್ತಕದಾಗ ಇತ್ತು,” ಎಂದ ಪರದೆಗೆ. ಅವನ ದನಿ ಸೋತ ಪೈಲವಾನನದಾಗಿತ್ತು. “ಆಣಿ ಆಣೀನ. ಹೋಗು. ರೈಲಿಗರ ಹೋಗು, ನಿಮ್ಮವ್ವನ ಮನಿಗರ ಹೋಗು. ನಾ ಮುಟ್ಟೂದಿಲ್ಲ.” ಚಪ್ಪಲಿ ಮೆಟ್ಟಿಕೊಳ್ಳದೆಯೇ ಹೋದ. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಆಚೆ ಯಾರೂ ಇಲ್ಲದ ಕಣದಲ್ಲಿ ಒಬ್ಬನೇ ಸಾಮು ತೆಗೆಯುವ ಸದ್ದು ಕೇಳತೊಡಗಿತು: ಅಂಗೈ ನೆಲಕ್ಕೆ, ಎದೆ ನೆಲಕ್ಕೆ, ಉಸಿರು.

ನೆಲದ ಮೇಲೆ ಬಿದ್ದ ವಿಠ್ಠಲನಿಗೆ ನೋವಿನ ನಡುವೆಯೂ ಒಂದು ಎತ್ತರ ಕಾಣುತ್ತಿತ್ತು. ತನ್ನ ಸಾಲುಗಳನ್ನು ತಾನೇ ತನ್ನವಲ್ಲವೆಂದು ಹೇಳಿ ಒಂದು ಜೀವವನ್ನು ಉಳಿಸಿದ್ದೇನೆ. ಇದನ್ನು ಯಾರೂ ಅರಿಯರು. ಅರಿಯದಿರುವುದರಲ್ಲೇ ಅದರ ಬೆಲೆ. ಆ ಎತ್ತರದಲ್ಲಿ ಅವನು ಒಬ್ಬನೇ ನಿಂತಿದ್ದ. ಆಗ ಪರದೆ ಅಲುಗಿ, ಒದ್ದೆಯ ಪಾದಗಳು ಅದರ ಕೆಳಗಿನಿಂದ ಈಚೆಗೆ ಬಂದವು. ಪಾದಗಳ ಮೇಲೆ ಸೀರೆ, ಸೀರೆಯ ಮೇಲೆ ಒಂದು ಕೈ. ಆ ಕೈಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಅದರ ಮೇಲೆ, ಮೊದಲ ಸಲ, ಮುಖ. ಅವನು ಅಂದುಕೊಂಡಿದ್ದ ಯಾವ ಮುಖವೂ ಅದಾಗಿರಲಿಲ್ಲ. ಹುಬ್ಬಿನ ಮೇಲೆ ಕಲೆಯಿದ್ದ, ನಡುವಯಸ್ಸಿನ, ದಣಿದ ಮುಖ. ಶೇಖವ್ವ ಬಗ್ಗಿ ಪುಸ್ತಕವನ್ನು ಎತ್ತಿ ಮೇಜಿನ ಮೇಲಿಟ್ಟಳು. ಜೋತುಬಿದ್ದ ದಾರವನ್ನು ಒಳಗೆ ತೂರಿಸಿದಳು. ಆಮೇಲೆ ಅವನ ಮುರಿದ ಕೈಯನ್ನು ಎದೆಯ ಮೇಲೆ ಎತ್ತಿಡುತ್ತ, ಗೋಡೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

“ಅವತ್ತ ಹಾಳಿ ಹೊಳ್ಳಿಸಿದ ಸಪ್ಪಳ ಬರಲಿಲ್ಲರಿ, ಮಾಸ್ತರ. ಆಕಿ ಅಗಳಿ ತಗದಾಗಿಂದ ರೈಲು ಹತ್ತೂತನ ಒಂದು ಹಾಳೀನೂ ಹೊಳ್ಳಲಿಲ್ಲ.”

ಅವಳು ಎದ್ದಳು. ಗಂಟು ಇರಲಿಲ್ಲ. ಹೊಸಿಲಿನ ಹೊರಗೆ ಚೆಲ್ಲಿದ ಕೆಂಪು ಮಣ್ಣನ್ನು ತುಳಿಯದೆ ದಾಟಿ ರಸ್ತೆಗೆ ಇಳಿದಳು. ‘ಮಾಸ್ತರದಲ್ಲ, ಪುಸ್ತಕದ್ದು’ ಎಂದು ಅಂದು ಅವಳ ಕೈ ಮುರಿದಾಗ ಗೋಡೆಯ ಆಚೆಯಿಂದ ಬಂದ ಕೂಗನ್ನು ವಿಠ್ಠಲ ಈಗ ಮೊದಲ ಸಲ ಸರಿಯಾಗಿ ಕೇಳಿದ: ಎಲ್ಲ ತಿಳಿದೇ ಅವಳು ಅವನ ಹೆಸರನ್ನು ಮರೆಮಾಡಿದ್ದಳು. ಬಾಯಲ್ಲಿ ತುಂಬಿದ ರಕ್ತವನ್ನು ಉಗುಳಲಾರದೆ, ನುಂಗಿದ.